ತಾ ಮಾಡುವುದು ಉತ್ತಮವೇ?

‘ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಮಕ್ಕಳಿಗೆ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಅವರು ಸ್ವಾವಲಂಬನೆಯ ಬಗ್ಗೆ ಒಂದು ಪುಟ ತುಂಬಿಸಿ ಕೊಡುತ್ತಾರೆ, ನಾನು ಕೆಂಪು ಮಸಿಯಲ್ಲಿ ಅಂಕ ಹಾಕುತ್ತೇನೆ. ಈ ಗಾದೆ ಎಲ್ಲಿಯವರೆಗೆ ನಿಜ ಎಂದು ಕುಳಿತು ಯೋಚಿಸುವಂತೆ ಮಾಡಿದ್ದು ನಮ್ಮ ಹಳೆಯ ಕಾರು.

ನಮ್ಮದು 1999ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ಕಾರು ನಮ್ಮಂಥ ಎಷ್ಟೋ ಮನೆಗಳಿಗೆ ಮೊದಲ ಕಾರು. 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನು. 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ಮುಂದುವರಿಸಿಕೊಂಡು ಬಂದಿದ್ದೇವೆ. ದಿನವೂ ಅದರಲ್ಲೇ 22 ಕಿಲೋಮೀಟರ್ ದೂರದ ಶಾಲೆಗೆ ಹೋಗುತ್ತೇನೆ. ಜೊತೆಗೆ ಇಬ್ಬರು ಶಿಕ್ಷಕಿಯರು. ಒಬ್ಬಳ ನಾಲ್ಕು ವರ್ಷದ ಮಗಳೂ ನಮ್ಮೊಂದಿಗೆ ಬಂದು ಶಾಲೆಯ ಪಕ್ಕದ ಅಂಗನವಾಡಿಯಲ್ಲಿ ಇಳಿಯುತ್ತಾಳೆ.

ಕಳೆದ ಮಳೆಗಾಲ ಮುಗಿದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಹೊರಗೆಲ್ಲೂ ಸೋರದೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಹಾಲು ಹೆಚ್ಚಾದ ಕಾಫಿಯಂಥ ನೊರೆ. “ಹೆಡ್ ಗ್ಯಾಸ್ಕೆಟ್ ಹೋಗಿದೆ ಟೀಚರ್, ಹೆಡ್ ಇಳಿಸಬೇಕು. ಹದಿನೈದು ಸಾವಿರದ ಹತ್ತಿರ ಆಗುತ್ತೆ” ಎಂದರು ಮೆಕ್ಯಾನಿಕ್. ಇಷ್ಟು ಖರ್ಚು ಮಾಡುವ ಬದಲು ಗುಜರಿಗೆ ಹಾಕೋಣ ಎಂದರು ನಮ್ಮ ಯಜಮಾನರು. ಬೆಂಗಳೂರಿನಲ್ಲಿರುವ ಮಗ, “ಅಮ್ಮಾ, ಮೊಬೈಲಿನಲ್ಲಿ ಎಲ್ಲದಕ್ಕೂ ವಿಡಿಯೋ ಇದೆ. ರಜೆಗೆ ಬರ್ತೀನಿ, ನಾವಿಬ್ಬರೇ ಬಿಚ್ಚಿ ಕೂರಿಸೋಣ. ಅರ್ಧ ದುಡ್ಡು ಉಳಿಯುತ್ತೆ” ಎಂದ.

ನನಗೂ ಆಸೆಯಾಯಿತು. ಪ್ಲಗ್ ಬಿಚ್ಚಿ ಉಜ್ಜುವುದು, ಏರ್ ಫಿಲ್ಟರ್ ಹಾಕುವುದು, ಆಯಿಲ್ ಬದಲಾಯಿಸುವುದು, ಇವನ್ನೆಲ್ಲ ನನ್ನ ತಂದೆ ಕಲಿಸಿದ್ದರು. ಹೆಂಗಸರಿಗೆ ಸ್ಪ್ಯಾನರ್ ಹಿಡಿಯಲು ಬಾರದು ಎನ್ನುವವರ ಮುಂದೆ ಒಮ್ಮೆ ಎಂಜಿನ್ ಇಳಿಸಿ ತೋರಿಸಬೇಕೆಂಬ ಹಟವೂ ಒಳಗೆಲ್ಲೋ ಇತ್ತು.

ಗ್ಯಾಸ್ಕೆಟ್ ನಮಗೇನೂ ಹೊಸ ಮಾತಲ್ಲ. ಕುಕ್ಕರಿನದು ಸಡಿಲವಾದರೆ ಹೊಸದು ತಂದು ಹಾಕುವವರು ನಾವೇ. ಎಂಜಿನ್ನಿನಲ್ಲೂ ಅದರ ಕೆಲಸ ಅಂಥದ್ದೇ. ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕುಳಿತು, ಉರಿಯುವ ಅನಿಲ, ನೀರು, ಆಯಿಲ್ ಒಂದಕ್ಕೊಂದು ಬೆರೆಯದಂತೆ ತಡೆಯುತ್ತದೆ. ಕುಕ್ಕರಿನದು ಸರಿಯಾಗಿ ಕೂರದಿದ್ದರೆ ಅಂಚಿನಲ್ಲಿ ಆವಿ ಬಂದು ಐದು ನಿಮಿಷದಲ್ಲಿ ತಿಳಿಯುತ್ತದೆ, ಒಲೆ ಆರಿಸಿ ಮತ್ತೆ ಹಾಕಬಹುದು. ಎಂಜಿನ್ನಿನದು ಹಾಗಲ್ಲ. ಕಾದ ಹೆಡ್ಡು ಕೂದಲೆಳೆಯಷ್ಟು ಸೊಟ್ಟಗಾಗಿದೆಯೇ ಎಂದು ನೇರ ಪಟ್ಟಿಯಿಟ್ಟು ನೋಡಬೇಕು. ಆಗಿದ್ದರೆ ವರ್ಕ್‌ಷಾಪಿನಲ್ಲಿ ಮಟ್ಟ ಮಾಡಿಸಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಕ್ರಮ ತಪ್ಪದೆ, ಹಂತ ಹಂತವಾಗಿ, ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ತೋಳಿನ ಅಂದಾಜು ಇಲ್ಲಿ ನಡೆಯದು. ಸ್ವಲ್ಪ ತಪ್ಪಿದರೂ ಗಾಡಿ ಸ್ಟಾರ್ಟ್ ಆದೀತು, ನಾಲ್ಕು ದಿನ ಓಡೀತು. ತಪ್ಪು ತನ್ನನ್ನು ತೋರಿಸಿಕೊಳ್ಳುವುದು ಎಷ್ಟೋ ವಾರದ ಮೇಲೆ, ಯಾವುದೋ ತಿರುವಿನಲ್ಲಿ, ಹಿಂದಿನಿಂದ ಲಾರಿ ಬರುತ್ತಿರುವಾಗ ಇದ್ದೀತು.

ಮೋಟಾರು ಗಾಡಿ ರೂಪಿಸಿದ ಕಾರ್ಲ್ ಬೆಂಜ್ ಅವರ ಪತ್ನಿ ಬರ್ತಾ ಬೆಂಜ್ ಕಥೆಯನ್ನು ನೀವು ಕೇಳಿರಬಹುದು. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತಾಯಿಯ ಮನೆಗೆ ಮೂರು ಗಾಲಿಯ ಆ ಗಾಡಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ತಂತಿ ಕೆಟ್ಟಾಗ ಕಾಲುಚೀಲದ ಪಟ್ಟಿ ಸುತ್ತಿದರು. ಕಥೆ ಹೇಳುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಸರಪಳಿ ಕೈಕೊಟ್ಟಾಗ ಆಕೆ ಕಮ್ಮಾರನ ಸಹಾಯ ಪಡೆದರು, ಬ್ರೇಕಿನ ಮರ ಸವೆದಾಗ ಬೂಟು ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಿದರು. ಹಿಂದಿನ ಸೀಟಿನಲ್ಲೋ ಪಕ್ಕದಲ್ಲೋ ಮಕ್ಕಳು ಕುಳಿತಿರುವಾಗ ಯಾವುದು ಪಿನ್ನಿನ ಕೆಲಸ, ಯಾವುದು ಕಮ್ಮಾರನ ಕೆಲಸ ಎಂದು ತಿಳಿದಿತ್ತಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಗಾದೆಯಲ್ಲಿ ತಾನಿದ್ದಾನೆ, ಮಗನಿದ್ದಾನೆ, ಆಳಿದ್ದಾನೆ. ಕಸುಬುದಾರನಿಗೆ ಮಾತ್ರ ಜಾಗವಿಲ್ಲ. ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಮನುಷ್ಯನನ್ನು ಆಳಿನ ಸಾಲಿಗೆ ಸೇರಿಸುವುದು ನ್ಯಾಯವೇ? ಹಾಗೆಂದು ಎಲ್ಲವನ್ನೂ ಇನ್ನೊಬ್ಬರ ಕೈಗೆ ಕೊಟ್ಟು, ಹೇಳಿದಷ್ಟು ದುಡ್ಡು ಎಣಿಸಿ ಬರುವುದೂ ನನಗೆ ಒಗ್ಗುವುದಿಲ್ಲ. ಕೊನೆಗೆ ಎರಡು ಪ್ರಶ್ನೆ ಕೇಳಿಕೊಂಡೆ. ನಾನು ತಪ್ಪಿದರೆ ಅದು ನನಗೆ ಆಗಲೇ ತಿಳಿಯುತ್ತದೆಯೇ? ಆ ತಪ್ಪನ್ನು ಉಣ್ಣುವವರು ಯಾರು? ಪ್ಲಗ್ ಸರಿಯಾಗಿ ಕೂರದಿದ್ದರೆ ಮನೆಯಂಗಳದಲ್ಲೇ ಎಂಜಿನ್ ಗೊಣಗುತ್ತದೆ, ತೊಂದರೆ ನನಗೊಬ್ಬಳಿಗೆ. ಹೆಡ್ಡಿನ ವಿಷಯದಲ್ಲಿ ಉಳಿಯುವ ಏಳು ಸಾವಿರ ನನ್ನದು, ಅಪಾಯ ಆ ಮಗುವಿನದೂ ಹೌದು.

ಈ ಮಾತನ್ನು ಸಹೋದ್ಯೋಗಿಗಳಿಗೂ ಹೇಳಿದೆ. ಗಾಡಿಯಲ್ಲಿ ಕೂರುವವರಿಗೆ ತಿಳಿಯಬೇಕಾದದ್ದು ಧರ್ಮ. ಮಗುವಿನ ತಾಯಿ, “ಅಕ್ಕಾ, ನೀವು ಕೈಯಾಡಿಸಿದರೆ ನನಗೇನೂ ಭಯವಿಲ್ಲ” ಎಂದಳು. ಬೇಡ ಎಂದಿದ್ದರೆ ವಾದಿಸುತ್ತಿದ್ದೆನೇನೋ. ಲೆಕ್ಕ ನೋಡದೆ ನಂಬಿದವರ ಪರವಾಗಿ ಲೆಕ್ಕವನ್ನು ನಾವೇ ನೋಡಬೇಕಾಗುತ್ತದೆ.

ಹಾಗಾದರೆ ಯಾರೂ ಹೊಸದನ್ನು ಕಲಿಯುವುದೇ ಬೇಡವೇ ಎಂದು ಮಗ ಕೇಳಿದ. ಸರಿಯಾದ ಪ್ರಶ್ನೆ. ಬಿ.ಎಡ್. ಓದುವಾಗ ನಾವೂ ಬೇರೆಯವರ ಮಕ್ಕಳ ಮೇಲೆಯೇ ಪಾಠ ಮಾಡಲು ಕಲಿತವರು. ಆದರೆ ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ಕುಳಿತಿರುತ್ತಿದ್ದರು. ತಪ್ಪಿದರೆ ಆ ಪಾಠ ಮುಗಿಯುವುದರೊಳಗೆ ತಿದ್ದುತ್ತಿದ್ದರು.

ಮೆಕ್ಯಾನಿಕ್ಕಿನ ಬಳಿ ಹೋಗಿ, “ಕೆಲಸ ನಿಮ್ಮದೇ. ನಾವಿಬ್ಬರೂ ಪಕ್ಕದಲ್ಲಿದ್ದು ಕೈಜೋಡಿಸುತ್ತೇವೆ, ಆಗಬಹುದಾ?” ಎಂದೆ. ಅವರು ನಕ್ಕು, “ಹಳೇ ಸೀರೆ ಉಟ್ಟು ಬನ್ನಿ ಟೀಚರ್” ಎಂದರು. ಎರಡು ದಿನ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟೆವು, ಬ್ಲಾಕಿನ ಮೈ ಒರೆಸಿದೆವು. ಹೆಡ್ಡು ಸೊಟ್ಟಗಾಗಿತ್ತು, ಮಟ್ಟ ಮಾಡಿಸಬೇಕಾಯಿತು. ಕೊನೆಯ ಸುತ್ತಿನ ಬಿಗಿ ಅವರದೇ ಕೈಯದು. ನಾನು ಚೀಟಿ ಹಿಡಿದು ಯಾವುದರ ನಂತರ ಯಾವುದು ಎಂದು ಓದಿ ಹೇಳುತ್ತಿದ್ದೆ. ಬಿಲ್ಲು ಹದಿನಾಲ್ಕೂವರೆ ಸಾವಿರವಾಯಿತು. ಕೊಡುವಾಗ ಹೊಟ್ಟೆ ಚುರ್ರೆನ್ನಲಿಲ್ಲ ಎಂದರೆ ಸುಳ್ಳಾದೀತು. ಆದರೆ ಪ್ರತಿ ಸಾವಿರವೂ ಎಲ್ಲಿಗೆ ಹೋಯಿತು ಎಂದು ನನಗೆ ಗೊತ್ತಿತ್ತು.