ಶೌರ್ಯಕ್ಕೆ ಸಲ್ಲುವ ಗೌರವ



ಕಲಬುರಗಿ ಕೋಟೆಯ ನೀಳವಾದ ತೋಪನ್ನು ತಾವು ನೋಡಿರಬಹುದು. ಅದರ ಉದ್ದವೆಷ್ಟೆಂದು ಎಲ್ಲರೂ ಕೇಳುತ್ತಾರೆ. ಅದರ ಬಳಿ ನಿಂತು ಕಾದಿದವರಾರು, ಅದಕ್ಕೆ ಬಲಿಯಾದವರಾರು ಎಂದು ಕೇಳುವವರು ವಿರಳ. ಆಯುಧವು ಉಳಿಯಿತು, ಮನುಷ್ಯನು ಮರೆತುಹೋದನು.

ಸೈನಿಕನ ಹೆಸರು ಹೀಗೆ ಅಳಿಯಬಾರದೆಂದೇ ಪದಾತಿದಳಗಳು ತಮ್ಮ ವಸ್ತುಸಂಗ್ರಹಾಲಯಗಳನ್ನು ಕಟ್ಟಿಕೊಂಡಿವೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಸಂಗ್ರಹಾಲಯವು ಅಂಥದು. ಈ ದಳದ ಅತಿ ಹಳೆಯ ಪಡೆಯು 1768ರಲ್ಲಿ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಹುಟ್ಟಿತು. 1922ರಿಂದ ಬೆಳಗಾವಿಯು ದಳದ ಕೇಂದ್ರವಾಗಿದೆ.

ಇಲ್ಲಿ ಒಂದು ಸಂದೇಹವು ಮೂಡುವುದು ಸಹಜ. ಪರಕೀಯರ ಆಳ್ವಿಕೆಯಲ್ಲಿ, ಅವರ ಧ್ವಜದಡಿ ಕಾದಿದವರ ಶೌರ್ಯಕ್ಕೆ ನಾವೇಕೆ ತಲೆಬಾಗಬೇಕು? ಕೊಲ್ಲುವ ಕೆಲಸಕ್ಕೆ ಗೌರವ ಸಲ್ಲಿಸುವುದು ಧರ್ಮವೇ?

ಈ ದಳದ ಸಿಪಾಯಿ ನಾಮದೇವ ಜಾಧವರ ಚರಿತ್ರೆಯನ್ನು ಗಮನಿಸಿರಿ. 1945ರ ಏಪ್ರಿಲ್ 9ರಂದು ಇಟಲಿಯ ಸೇನಿಯೋ ನದಿಯ ದಂಡೆಯಲ್ಲಿ ಅವರು ಗಾಯಗೊಂಡ ಸಂಗಾತಿಯೊಬ್ಬನನ್ನು ಹೊತ್ತು, ಗುಂಡಿನ ಮಳೆಯಲ್ಲಿ ನೀರನ್ನು ದಾಟಿದರು. ಮತ್ತೆ ಹಿಂತಿರುಗಿ ಇನ್ನೊಬ್ಬ ಗಾಯಾಳುವನ್ನು ತಂದರು. ಅನಂತರ ಮಡಿದ ಸಂಗಾತಿಗಳ ಸೇಡಿಗಾಗಿ ವೈರಿಯ ಮೂರು ಮೆಷಿನ್‌ಗನ್ ನೆಲೆಗಳನ್ನು ಅಡಗಿಸಿದರು. ಈ ಎಲ್ಲಕ್ಕೂ ಸೇರಿ ಒಂದೇ ವಿಕ್ಟೋರಿಯಾ ಕ್ರಾಸ್ ದೊರಕಿತು.

ಪದಕವು ಹೊತ್ತು ತಂದುದನ್ನೂ ಹೊಡೆದುದನ್ನೂ ಬೇರ್ಪಡಿಸಿ ತೋರದು. ಆ ನೆಲೆಗಳು ಅಡಗದಿದ್ದರೆ ಇನ್ನೆಷ್ಟು ಸಂಗಾತಿಗಳು ಬೀಳುತ್ತಿದ್ದರೋ! ಆದುದರಿಂದ ಸೈನಿಕನ ಹಿಂಸೆಯನ್ನು ಮನೆಯಲ್ಲಿ ಸುಖವಾಗಿ ಕುಳಿತು ಹಳಿಯುವುದು ಸುಲಭ, ನ್ಯಾಯವಲ್ಲ. ಹಾಗೆಂದು ಹಿಂಸೆಯನ್ನೇ ಕೊಂಡಾಡುವುದೂ ಸಲ್ಲದು. ಧ್ವಜವು ಆಳುವವರದು, ಅದು ಬದಲಾಗುತ್ತದೆ. ಹೆಗಲ ಮೇಲೆ ಹೊತ್ತ ಜೀವಕ್ಕೆ ಧ್ವಜದ ಗುರುತಿಲ್ಲ. ತನ್ನ ಪ್ರಾಣದ ಹಂಗು ತೊರೆದು ಪರರ ಪ್ರಾಣವನ್ನುಳಿಸುವ ಆ ಗುಣಕ್ಕೆ ನಾವು ತಲೆಬಾಗಬೇಕು.

ಈ ವಿವೇಕವನ್ನು ವಸ್ತುಸಂಗ್ರಹಾಲಯವು ತಾನಾಗಿ ಕಲಿಸಲಾರದು. ಮನೆಯ ಹಿರಿಯರು ಕಲಿಸಬೇಕು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಇಂಥ ಊರುಗಳ ರೈತರ ಮನೆಗಳಿಂದಲೇ ಅಲ್ಲವೇ ತರುಣರು ಸೈನ್ಯವನ್ನು ಸೇರುವುದು? ರಜೆಯಲ್ಲಿ ಬಂದ ಯೋಧನನ್ನು ಮಕ್ಕಳು, "ಕಾಕಾ, ನೀವು ಎಷ್ಟು ಮಂದಿಯನ್ನು ಕೊಂದಿರಿ?" ಎಂದು ಕೇಳಿದರೆ, "ಎಷ್ಟು ಮಂದಿಯನ್ನು ಉಳಿಸಿದಿರಿ ಎಂದು ಕೇಳಪ್ಪಾ" ಎಂದು ತಿದ್ದಿರಿ.

ಆ ಯೋಧನು ಗಡಿಯಲ್ಲಿರುವಾಗ ಅವನ ವೃದ್ಧ ತಂದೆಯ ಹೊಲದಲ್ಲಿ ಬಿತ್ತನೆಯು ತಡವಾದರೆ, ಕರೆಯುವ ಮೊದಲೇ ಹೋಗಿ ಕೂರಿಗೆಯನ್ನು ಹೂಡಿರಿ. ಗಾಜಿನ ಪೆಟ್ಟಿಗೆಯ ಮುಂದೆ ಕೈಮುಗಿದವರು ತೀರಿಸಬೇಕಾದ ಋಣವು ಅಲ್ಲಿದೆ.