ಫಲ ದೊರೆಯದ ನಿರ್ಧಾರ ತಪ್ಪೇ?

ಒಂದು ನಿರ್ಧಾರ ಸರಿಯೋ ತಪ್ಪೋ ಎಂದು ನಾವು ಹೇಗೆ ತೀರ್ಮಾನಿಸುತ್ತೇವೆ? ಹೆಚ್ಚಾಗಿ ಅದರ ಫಲವನ್ನು ನೋಡಿ. ಗೆದ್ದವನನ್ನು ಜಾಣನೆಂದು ಹೊಗಳುತ್ತೇವೆ. ಸೋತವನಿಗೆ 'ಅಂದು ಹಾಗೆ ಮಾಡಬಾರದಿತ್ತು' ಎಂದು ಬುದ್ಧಿ ಹೇಳುತ್ತೇವೆ. ಪ್ರಿಯ ಓದುಗರೇ, ಈ ಅಳತೆಗೋಲು ನ್ಯಾಯವಾದುದೇ? ಅಮೆರಿಕದ ಒಬ್ಬ ಆಟಗಾರನ ಬದುಕನ್ನು ಮುಂದಿಟ್ಟುಕೊಂಡು ಯೋಚಿಸಿ ನೋಡಿರಿ.

ಬೇಸ್‌ಬಾಲ್ ಆಟದಲ್ಲಿ ದಾಂಡಿಗನತ್ತ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಲ್ಯಾರಿ ಯೌಂಟ್ ಅಂತಹ ಒಬ್ಬ ಪಿಚರ್. ಕೆಳದರ್ಜೆಯ ಲೀಗ್‌ಗಳಲ್ಲಿ ಬೆವರು ಸುರಿಸಿದ ಆತನಿಗೆ 21ನೆಯ ವಯಸ್ಸಿನಲ್ಲಿ ಅತ್ಯುನ್ನತ ದರ್ಜೆಯ ಮೇಜರ್ ಲೀಗ್‌ನ ಬಾಗಿಲು ತೆರೆಯಿತು. 1971ರ ಸೆಪ್ಟೆಂಬರ್ 15ರಂದು ಹ್ಯೂಸ್ಟನ್ ಆಸ್ಟ್ರೋಸ್ ತಂಡ ಅಟ್ಲಾಂಟಾ ಬ್ರೇವ್ಸ್ ವಿರುದ್ಧ ಆಡುತ್ತಿತ್ತು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಲ್ಯಾರಿಯನ್ನು ಕರೆದರು. ಆಟ ಮುಂದುವರಿಯುವ ಮೊದಲು ಆತ ಅಭ್ಯಾಸಕ್ಕೆಂದು ಕೆಲವು ಚೆಂಡುಗಳನ್ನು ಎಸೆದ. ಮೊಣಕೈ ನೋಯುತ್ತಿತ್ತು. ತೋಳು ಕೆಟ್ಟರೆ ಪಿಚರ್‌ನ ಜೀವನೋಪಾಯವೇ ಹೋದಂತೆ. ಅಪಾಯ ಬೇಡವೆಂದು ಆತ ಮೈದಾನದಿಂದ ಹೊರಬಂದ.

ಆ ಅವಕಾಶ ಮತ್ತೆ ಬರಲೇ ಇಲ್ಲ. ಕೆಳದರ್ಜೆಯಲ್ಲಿ ಇನ್ನೂ ಕೆಲವು ವರ್ಷ ಪ್ರಯತ್ನಿಸಿ ಆತ ಆಟ ಬಿಟ್ಟ. ಹೆಸರು ಘೋಷಣೆಯಾಗಿದ್ದರಿಂದ ನಿಯಮದಂತೆ ದಾಖಲೆಯಲ್ಲಿ ಒಂದು ಪಂದ್ಯ ಉಳಿಯಿತು. ಎದುರಿಸಿದ ದಾಂಡಿಗರ ಸಂಖ್ಯೆ ಸೊನ್ನೆ.

'ನೋವು ನುಂಗಿ ಒಂದು ಚೆಂಡಾದರೂ ಎಸೆಯಬಾರದಿತ್ತೇ?' ಎಂದು ಇಂದು ಕೇಳುವುದು ಸುಲಭ. ಆದರೆ ಅಂದು ಆತನಿಗೆ ತಿಳಿದಿದ್ದುದು ಕೈಯ ನೋವು ಮಾತ್ರ, ಮುಂದಿನ ವರ್ಷಗಳ ಕಥೆಯಲ್ಲ. ಮೋಡ ನೋಡಿ ಬಿತ್ತಿದ ರೈತನ ಹೊಲಕ್ಕೆ ಮಳೆ ಬಾರದಿದ್ದರೆ, ಬಿತ್ತಿದ್ದೇ ಅಪರಾಧವಾಗುವುದೇ? ಹಾಗೆಂದು ನಮ್ಮ ಅಜಾಗರೂಕತೆಗೆಲ್ಲ ದುರದೃಷ್ಟವೆಂದು ಹೆಸರಿಡಬಾರದು. ತಿಳಿಯಬಹುದಾಗಿದ್ದನ್ನು ತಿಳಿಯದೆ ಹೋದವನು ಹೊಣೆಗಾರನೇ. ತಿಳಿಯಲು ಸಾಧ್ಯವೇ ಇಲ್ಲದ್ದಕ್ಕೆ ಯಾರನ್ನೂ ಹೊಣೆ ಮಾಡುವುದು ನ್ಯಾಯವಲ್ಲ.

ಲ್ಯಾರಿಗೆ ಇನ್ನೂ ಕಠಿಣವಾದ ಪರೀಕ್ಷೆಯೊಂದಿತ್ತು. ಆತನ ತಮ್ಮ ರಾಬಿನ್ 1974ರಲ್ಲಿ, ಕೇವಲ 18ರ ಹರೆಯದಲ್ಲಿ, ಮಿಲ್ವಾಕೀ ಬ್ರೂವರ್ಸ್ ತಂಡ ಸೇರಿದ. 20 ಋತುಗಳಲ್ಲಿ ಆತ ಹೊಡೆದ ಹಿಟ್‌ಗಳು 3,142. 1999ರಲ್ಲಿ ಬೇಸ್‌ಬಾಲ್‌ನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್‌ಗೂ ಸೇರಿದ. ಒಂದೇ ಮನೆಯಲ್ಲಿ ಅಣ್ಣನಿಗೆ ಸೊನ್ನೆ, ತಮ್ಮನಿಗೆ ಮೂರು ಸಾವಿರ! ಅಸೂಯೆಗೆ ಇದಕ್ಕಿಂತ ಫಲವತ್ತಾದ ನೆಲ ಬೇಕೇ? ಆದರೆ ಲ್ಯಾರಿ ಅದೇ ತಮ್ಮನ ಏಜೆಂಟನಾಗಿ ಆತನ ವ್ಯವಹಾರಗಳನ್ನು ನೋಡಿಕೊಂಡ. ಅರಿಜೋನಾದಲ್ಲಿ ಭೂಮಿ, ಕಟ್ಟಡಗಳ ಉದ್ಯಮ ನಡೆಸಿ ಬದುಕು ಕಟ್ಟಿಕೊಂಡ.

ಕೈತಪ್ಪಿದ ಒಂದು ಗಳಿಗೆಗಾಗಿ ಜೀವನವಿಡೀ ತನ್ನನ್ನೇ ಹಳಿದುಕೊಳ್ಳುವವನಿಗೆ ಇತರರ ಏಳಿಗೆ ಮುಳ್ಳಾಗಿ ಚುಚ್ಚುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗನನ್ನೋ, ವ್ಯಾಪಾರದಲ್ಲಿ ನಷ್ಟ ಹೊಂದಿದ ಸಹೋದರನನ್ನೋ ದೂರುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿರಿ. ಅಂದು ಆತನ ಮುಂದೆ ಏನಿತ್ತು? ಅದನ್ನು ಪ್ರಾಮಾಣಿಕವಾಗಿ ತೂಗಿ ನೋಡಿದನೇ? ಹೌದಾದರೆ ಆತನನ್ನು ದೂರುವ ಹಕ್ಕು ನಮಗಿಲ್ಲ. ಇದೇ ನ್ಯಾಯವನ್ನು ನಿಮ್ಮ ವಿಷಯದಲ್ಲೂ ಪಾಲಿಸಿರಿ.