ಆಪತ್ತಿನ ಗಂಟು ಪರಿಗ್ರಹವೇ?

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಇಷ್ಟು ಹೊಲ, ಇಷ್ಟು ಹೊನ್ನು, ಇಷ್ಟು ಧಾನ್ಯ ಸಾಕೆಂದು ಮಿತಿ ಹಾಕಿಕೊಳ್ಳುವುದೇ ಈ ವ್ರತದ ಸಾರ. ಹೀಗಿರುವಾಗ ನಾಳೆ ಬರಬಹುದಾದ ನೆರೆಗೆ ಅಂಜಿ ಇಂದೇ ಗಂಟು ಕಟ್ಟಿಡುವುದು ವ್ರತಕ್ಕೆ ಒಪ್ಪುವುದೇ ಎಂಬ ಸಂದೇಹ ಧರ್ಮಭೀರುಗಳಲ್ಲಿ ಏಳುವುದು ಸಹಜ. ಬರುವುದೆಲ್ಲ ಕರ್ಮೋದಯದಿಂದ, ಅದಕ್ಕೆ ಸಿದ್ಧತೆಯೇಕೆ ಎಂಬ ಮಾತೂ ಇದರ ಬೆನ್ನಿಗೇ ಬರುತ್ತದೆ.

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇದು ಬರಿಯ ತರ್ಕದ ವಿಷಯವಲ್ಲ. ಕುಂದಗೋಳ, ನವಲಗುಂದ ಸೀಮೆಗಳಲ್ಲಿ ಹರಿದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳ ಬೇಸಿಗೆಯಲ್ಲಿ ಬಹುಪಾಲು ಒಣಗಿರುತ್ತದೆ. ಮೇಲೆ ದೊಡ್ಡ ಮಳೆಯಾದರೆ ಒಂದೇ ರಾತ್ರಿಯಲ್ಲಿ ದಂಡೆ ಮೀರುತ್ತದೆ. ಎರೆಭೂಮಿಯ ದಾರಿಗಳು ಕೆಸರಾಗಿ ಕಾಲು ಕೀಳಲಾಗದು. ಮಣ್ಣಿನ ಗೋಡೆಗಳು ನೆನೆದು ಕುಸಿಯುತ್ತವೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ ನೆರೆ ಮತ್ತೆ ಬಂತು. ವ್ರತೋಪವಾಸಗಳ ಚಾತುರ್ಮಾಸವೇ ನೆರೆಯ ಕಾಲವೂ ಆಗಿದೆ ಎಂಬುದನ್ನು ಮರೆಯಲಾಗದು.

ಮೊದಲ ಸಂದೇಹಕ್ಕೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲೇ ಸಮಾಧಾನವಿದೆ. ಅವರು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ ಕಂಡರು. ಸರ್ವಸಂಗ ಪರಿತ್ಯಾಗಿಗಳಾದ ದಿಗಂಬರ ಮುನಿಗಳ ಬಳಿಯೂ ಪಿಂಛಿ, ಕಮಂಡಲುಗಳಿವೆ. ಅವು ಆಸ್ತಿಯಲ್ಲ, ಸಂಯಮದ ಉಪಕರಣಗಳು. ಗೃಹಸ್ಥನ ಆಪತ್ತಿನ ಗಂಟೂ ಇದೇ ಭಾವದಲ್ಲಿ ಕಟ್ಟಿದ್ದಾದರೆ ಉಪಕರಣವೇ. ಮನೆಯಲ್ಲಿರುವ ನೂರಾರು ವಸ್ತುಗಳಲ್ಲಿ ಕೈಯಲ್ಲಿ ಹೊತ್ತು ನಡೆಯಬಹುದಾದಷ್ಟನ್ನು ಆರಿಸಿ ಉಳಿದುದನ್ನು ಮನಸ್ಸಿನಲ್ಲೇ ಬಿಟ್ಟುಕೊಡುವುದು ಪರಿಮಾಣದ ಅಭ್ಯಾಸವೇ ಅಲ್ಲವೇ? ಕಪಾಟಿನ ಬೆಳ್ಳಿಗಾಗಿ ಏರುವ ನೀರಿನಲ್ಲಿ ಹಿಂದಿರುಗುವವನಲ್ಲಿ ಮೂರ್ಛೆ ಇದೆ. ಗಂಟೆತ್ತಿ ಹೊರಟವನಲ್ಲಿ ಅದು ಸಡಿಲಗೊಂಡಿದೆ.

ಎರಡನೆಯ ಮಾತಿಗೆ ಶ್ರವಣಬೆಳಗೊಳದ ಚಂದ್ರಗಿರಿಯ ಪ್ರಾಚೀನ ಶಾಸನವೇ ಉತ್ತರ. ಸುಮಾರು ಕ್ರಿ.ಶ. 600ರ ಆ ಶಾಸನದಂತೆ, ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ವಿಷಮಕಾಲವನ್ನು ನಿಮಿತ್ತಜ್ಞಾನದಿಂದ ಮೊದಲೇ ಅರಿತು ತಿಳಿಸಿದರು. ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಕರ್ಮಸಿದ್ಧಾಂತವನ್ನು ಅವರಿಗಿಂತ ಬಲ್ಲವರಾರು? ಆದರೂ ಕರ್ಮೋದಯವೆಂದು ಸಂಘವನ್ನು ಕೈಕಟ್ಟಿ ಕೂರಿಸಲಿಲ್ಲ. ಉದಯವು ಕರ್ಮದ್ದು, ಪುರುಷಾರ್ಥವು ಜೀವದ್ದು.

ಇನ್ನು ಅಹಿಂಸೆಯ ದೃಷ್ಟಿ. ಪ್ರಮಾದದಿಂದಾಗುವ ಪ್ರಾಣಹಾನಿಯೇ ಹಿಂಸೆ. ಕಣ್ಣಿ ಬಿಚ್ಚದೆ ಹೋದುದರಿಂದ ಕೊಟ್ಟಿಗೆಯಲ್ಲೇ ಮುಳುಗಿದ ಎತ್ತು, ಯಾರು ಎತ್ತಿಕೊಳ್ಳಬೇಕೆಂದು ಗೊತ್ತುಮಾಡದೆ ಉಳಿದುಹೋದ ಅಜ್ಜಿ—ಇವು ನೆರೆ ಮಾಡಿದ ಹಿಂಸೆಯಷ್ಟೇ ಎನ್ನಲಾಗದು. ಆದುದರಿಂದ ಗಂಟಿಗಿಂತ ಮೊದಲು ನಿಶ್ಚಯವಾಗಬೇಕಾದುದು ಕರ್ತವ್ಯ: ದನ ಬಿಚ್ಚುವವರಾರು, ವೃದ್ಧರ ಕೈಹಿಡಿಯುವವರಾರು, ಕೂಡಬೇಕಾದ ಎತ್ತರದ ಸ್ಥಳ ಯಾವುದು, ಹಳ್ಳ ದಾಟದೆ ಅಲ್ಲಿಗೆ ಹೋಗುವ ದಾರಿ ಯಾವುದು. ತುರ್ತು ಕರೆಗೆ 112, ಜಿಲ್ಲೆಯ ವಿಪತ್ತು ಸಹಾಯವಾಣಿಗೆ 1077 ಎಂಬುದು ಮಕ್ಕಳಿಗೂ ಬಾಯಿಪಾಠವಾಗಿರಲಿ.

ಗಂಟಿನಲ್ಲಿ ಉತಾರ, ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳ ಪ್ರತಿಗಳು ನೀರು ತಾಗದ ಚೀಲದಲ್ಲಿರಲಿ. ನಿತ್ಯದ ಔಷಧ, ವೈದ್ಯರ ಚೀಟಿ, ಬ್ಯಾಟರಿ, ಒಂದು ಜೊತೆ ಬಟ್ಟೆ, ಸ್ವಲ್ಪ ಹಣ ಇರಲಿ. ಆಹಾರದಲ್ಲಿ ಶ್ರಾವಕರಿಗೆ ವಿಶೇಷ ಎಚ್ಚರ ಬೇಕು. ಮಳೆಗಾಲದಲ್ಲಿ ಹಿಟ್ಟಿನ ಮರ್ಯಾದೆ ಮೂರೇ ದಿನ. ಹಿಟ್ಟು ಕಟ್ಟಿಟ್ಟು ಪ್ರಯೋಜನವಿಲ್ಲ. ಶೇಂಗಾ, ಪುಟಾಣಿ, ಬೆಲ್ಲದಂತಹವನ್ನು ಇಟ್ಟು ಆಗಾಗ ಬದಲಿಸುವುದು ಲೇಸು. ನೀರು ಸೋಸುವ ದಪ್ಪ ಅರಿವೆ, ಕುದಿಸಲು ಪಾತ್ರೆ ಅವಶ್ಯ: ನೆರೆಯ ನೀರು ಸೋಸಿದ ಮಾತ್ರಕ್ಕೆ ನಿರ್ಮಲವಾಗದು, ಕುದಿಸಲೇಬೇಕು. ಪರಿಹಾರ ಕೇಂದ್ರದಲ್ಲಿ ಸೂರ್ಯಾಸ್ತದ ಮೇಲೆ ಊಟ ಬಂದರೆ ರಾತ್ರಿಭೋಜನ ತ್ಯಾಗಿಯು ಅಂದು ಉಪವಾಸವಿರಬಲ್ಲನು. ಆದರೆ ಮಗು, ಗರ್ಭಿಣಿ, ರೋಗಿಗಳ ಮೇಲೆ ತನ್ನ ವ್ರತವನ್ನು ಹೇರಬಾರದು. ಮುನ್ನವೇ ಗಂಟು ಕಟ್ಟಿದವನಿಗೆ ಹಗಲಲ್ಲೇ ಉಂಡು ವ್ರತವನ್ನು ಉಳಿಸಿಕೊಳ್ಳುವ ದಾರಿ ಇರುತ್ತದೆ.

ಎಲ್ಲಕ್ಕಿಂತ ಕಠಿನವಾದುದು ಮನೆ ಬಿಡಲೊಪ್ಪದ ವ್ರತಿಯ ಪ್ರಶ್ನೆ. ಊರಿನ ಎಲ್ಲೆ ದಾಟೆನೆಂದು ದೇಶವ್ರತ ಹಿಡಿದವರು, ದೀರ್ಘ ಉಪವಾಸದಲ್ಲಿರುವ ಹಿರಿಯರು, ಬಂದುದನ್ನು ಸಮತೆಯಿಂದ ಸಹಿಸುವೆನೆಂದು ಕುಳಿತರೆ ಅದು ಸಲ್ಲೇಖನವಾಗುವುದೇ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ನಿಷ್ಪ್ರತೀಕಾರವಾದಾಗ, ಎಂದರೆ ಪರಿಹಾರವೇ ಇಲ್ಲದಾಗ ಮಾತ್ರ ಸಲ್ಲೇಖನವನ್ನು ಹೇಳುತ್ತದೆ. ಅರ್ಧ ಹರದಾರಿಯಲ್ಲಿ ಎತ್ತರದ ನೆಲವಿದ್ದು, ಕರೆದೊಯ್ಯಲು ಮಗನೋ ಮೊಮ್ಮಗನೋ ನಿಂತಿರುವಾಗ ಆ ನೆರೆ ನಿಷ್ಪ್ರತೀಕಾರವಲ್ಲ. ಅಲ್ಲಿ ಕುಳಿತುಬಿಡುವುದು ಕರೆಯಲು ಬಂದವರ ಪ್ರಾಣವನ್ನೂ ಗಂಡಾಂತರಕ್ಕೊಡ್ಡುತ್ತದೆ.

ಆದರೆ ಎದೆಮಟ್ಟ ನೀರಿನಲ್ಲಿ ನಿಂತು ಶಾಸ್ತ್ರವಿಚಾರ ಮಾಡಲಾಗದು. ವ್ರತ ಹಿಡಿಯುವ ದಿನವೇ, ಆಪತ್ತು ಬಂದರೆ ಎಷ್ಟು ವಿನಾಯಿತಿ, ಬಳಿಕ ಪ್ರಾಯಶ್ಚಿತ್ತವೇನು ಎಂದು ಗುರುಗಳಲ್ಲಿ ಕೇಳಿ ನಿಶ್ಚಯಿಸಿಕೊಳ್ಳುವುದು ಉಚಿತ; ಮನೆಯವರಿಗೂ ಅದು ತಿಳಿದಿರಲಿ. ಅಷ್ಟಮಿ ಚತುರ್ದಶಿಗಳಂದು ಉಪವಾಸದ ಜೊತೆಗೆ ಗಂಟನ್ನೊಮ್ಮೆ ಬಿಚ್ಚಿ ನೋಡುವ ರೂಢಿ ಬೆಳೆದರೆ, ಧಾನ್ಯ ಕೆಡದು, ಔಷಧದ ಅವಧಿ ಮೀರದು, ಎಚ್ಚರವೂ ಮಾಸದು. ಅಪ್ರಮಾದವು ವ್ರತಕ್ಕೆ ಹೊರತಾದುದಲ್ಲ. ಎಲ್ಲ ವ್ರತಗಳಿಗೂ ಅದೇ ಬೇಲಿ.